ನಾಲ್ಕು ಗೇರಿನದೋ, ಐದು ಗೇರಿನದೋ

ಭಾನುವಾರ, ಮಾರ್ಚ್ ೧೨

ನನ್ನ ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈ, ಮುಖ ಮಾತ್ರ ತಿರುಗಿಸಬೇಡ. ಕೈತುಂಬ ಕೆಲಸವಿತ್ತು ಎಂದು ಸುಳ್ಳು ಹೇಳಬಹುದು. ಆದರೆ ನಿನ್ನ ಅತ್ತಿಗೆ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದಾಳೆ, ತಕ್ಷಣ ಸಿಕ್ಕಿಬೀಳುತ್ತೇನೆ. ಇಬ್ಬರೂ ಹೇಗೋ ಇದ್ದೇವೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಭಾವನ ಆ ಹಳೇ ಸ್ಪೋರ್ಟ್ಸ್ ಕಾರಿಗೆ ಯಾವ ಗೇರ್‌ಬಾಕ್ಸ್ ಹಾಕುತ್ತೀ, ಮಗಳು ಓಡಿಸಿದರೆ ಭಯವಿಲ್ಲವೇ ಎಂದು. ಅವಳು ಅಪ್ಪನ ಕಾರನ್ನೇ ಓಡಿಸುತ್ತೇನೆಂದು ಹಟ ಹಿಡಿದು ಕೂತಿದ್ದಾಳೆ. ನೀನೋ, ಅದರ ಹೆಸರೆತ್ತಿದರೆ ಎರಡು ವರ್ಷದಿಂದ ಎದ್ದು ಒಳಗೆ ಹೋಗುತ್ತೀ. ಭಾವ ವೇಗದ ಹುಚ್ಚಿಗೆ ಬಿದ್ದು ಆ ಇಳಿಜಾರಿನಲ್ಲಿ ಅಪಘಾತ ಮಾಡಿಕೊಂಡು ನಮ್ಮಿಬ್ಬರನ್ನೂ ನಡುನೀರಿನಲ್ಲಿ ಬಿಟ್ಟುಹೋದರು, ಸಾಯುವವರೆಗೂ ಅವರನ್ನು ಕ್ಷಮಿಸಲಾರೆ ಎಂದು ಈ ಕಾಗದದಲ್ಲೂ ಬರೆದಿದ್ದೀ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಳೇ ಗೇರ್‌ಬಾಕ್ಸನ್ನು ಇಳಿಸಿ ಬೆಂಚಿನ ಮೇಲಿಟ್ಟಿದ್ದೇನೆ. ಅವತ್ತಿನ ಪೆಟ್ಟಿಗೆ ಹೊರಗಿನ ಕವಚವೇ ಸೀಳಿಹೋಗಿದೆ, ರಿಪೇರಿಗೆ ಬರುವುದಿಲ್ಲ. ಗುಜರಿಯವನ ಹತ್ತಿರ ಅದೇ ಮಾದರಿಯ ಕಾರಿನ ನಾಲ್ಕು ಗೇರಿನದೊಂದು ಇತ್ತು, ಹಳೇ ಬೋಲ್ಟುಗಳಿಗೇ ಕೂರುತ್ತದೆ. ಇನ್ನೊಂದು ಈಚಿನ ಕಾರಿನದು, ಐದು ಗೇರಿನದು, ಗಟ್ಟಿ ಮಾಲು. ಆದರೆ ಅದಕ್ಕೆ ಕಾರಿನ ನೆಲದ ತಗಡು ಕತ್ತರಿಸಬೇಕು, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಮೋಟು ಮಾಡಬೇಕು. ಹಳೇ ಕಾರಿನ ಹುಚ್ಚಿನವರಿಗೆ ಗೊತ್ತಾದರೆ ನನಗೆ ಸರಿಯಾಗಿ ಮಂಗಳಾರತಿ ಮಾಡುತ್ತಾರೆ.

ಗುಜರಿಗೆ ನಿನ್ನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ನಾಲ್ಕು ಗೇರಿನದನ್ನು ತೋರಿಸಿ, ಗೇರು ಬೆಣ್ಣೆಯ ಹಾಗೆ ಬೀಳುತ್ತದೆ, ಬಿಚ್ಚಿ ನೋಡುವುದೇ ಬೇಡ ಎಂದ ಆ ಪುಣ್ಯಾತ್ಮ. ನಾನು ಸ್ಪಾನರ್ ತೆಗೆದು ಮುಚ್ಚಳ ಬಿಚ್ಚಿದೆ. ಮೂರನೇ ಗೇರಿನ ಹಲ್ಲುಗಳ ತುದಿಯೆಲ್ಲ ಸವೆದು ಉರುಟಾಗಿತ್ತು. ನಿನ್ನ ಮಗಳು ಬಗ್ಗಿ ನೋಡಿ, ಹೀಗಿದ್ದರೆ ಏನಾಗುತ್ತದೆ ಮಾವ ಎಂದಳು.

"ಇಳಿಜಾರಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲ ಬಿಟ್ಟ ಕೂಡಲೇ ಗೇರು ತಾನಾಗೇ ಜಾರಿ ಆಚೆ ಬರುತ್ತೆ. ಆಮೇಲೆ ಕಾರನ್ನ ಇಂಜಿನ್ ಹಿಡಿಯೋದಿಲ್ಲ. ಬರೀ ಬ್ರೇಕೇ ಗತಿ."

ಅವಳು ಸವೆದ ಹಲ್ಲುಗಳ ಮೇಲೆ ಬೆರಳಾಡಿಸಿದಳು. "ಅಪ್ಪನ ಕಾರೂ ಹೀಗೇ ಇತ್ತಾ ಮಾವ?"

ಒಡೆದು ಚೂರಾದದ್ದನ್ನು ನೋಡಿ ಏನು ಹೇಳುವುದು ಎಂದು ಮಾತು ಹಾರಿಸಿದೆ. ಅವಳು ನಂಬಿದಳು. ಚಿಕ್ಕಂದಿನಿಂದ ನಾನು ಹೇಳಿದ್ದನ್ನು ನಂಬಿಯೇ ಬೆಳೆದವಳು.

ಹಾಗಾಗಿ ಐದು ಗೇರಿನದನ್ನೇ ಆರಿಸಿದೆ. ಲೇತ್ ಕೆಲಸದ ನಮ್ಮ ಗೊಣಗಪ್ಪ ಶಾಫ್ಟ್ ಕತ್ತರಿಸುತ್ತ, ನಿಮ್ಮ ಭಾವ ಇದ್ದಿದ್ದರೆ ಇದಕ್ಕೆ ಗರಗಸ ತಾಗಿಸಲೂ ಬಿಡುತ್ತಿರಲಿಲ್ಲ ಎಂದ. ನಿಜ, ಒಂದು ಸ್ಕ್ರೂ ಬದಲಾಯಿಸಿದರೂ ಕಾರಣ ಕೇಳುತ್ತಿದ್ದ ಮನುಷ್ಯ. ನೆಲದ ತಗಡನ್ನು ನಾನೇ ಕತ್ತರಿಸಿದೆ. ಆಮೇಲೆ ಅಲ್ಲೇ ಕಾರಿನ ಪಕ್ಕ ಕೂತುಬಿಟ್ಟೆ, ಮಧ್ಯಾಹ್ನದವರೆಗೂ. ಮೂವತ್ತು ವರ್ಷ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ ಕೈ ಈಗ ಒಂದು ನಟ್ಟು ಬಿಗಿದು ನಾಲ್ಕು ಸಲ ತಡವಿ ನೋಡುತ್ತದೆ. ಇದೊಂದು ಮುಗಿದರೆ ಷೆಡ್ಡಿಗೆ ಬೀಗ ಹಾಕುತ್ತೇನೆ ಎಂದು ನಿನ್ನ ಅತ್ತಿಗೆಗೆ ಹೇಳಿದೆ. ವಯಸ್ಸಾಯಿತಲ್ಲ, ಹಾಕಿ ಎಂದಳು. ನನಗೆ ಬದುಕೇ ಸಾಕಾಗಿದೆ ಎಂದು ಅವಳಿಗೆ ಹೇಗೆ ಹೇಳಲಿ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳು ನೂರು ಕಾಲ ಬಾಳಲಿ. ನಿನ್ನ ಮನಸ್ಸಿಗೆ ಒಂದು ದಿನವಾದರೂ ನೆಮ್ಮದಿ ಸಿಗಲಿ ಎಂದು ಹರಸುವ,

ನಿನ್ನ ಅಣ್ಣ

ವಿ.ಸೂ.: ಭಾವನ ಕಾರಿನಲ್ಲೂ ಮೂರನೇ ಗೇರು ಜಾರುತ್ತಿತ್ತು. ನನಗೆ ಗೊತ್ತಿತ್ತು. ಅಪಘಾತಕ್ಕೆ ಮುಂಚೆ ಎರಡು ತಿಂಗಳು ಅದು ನನ್ನ ಷೆಡ್ಡಿನಲ್ಲೇ ಇತ್ತಲ್ಲ. ಹೊಸ ಗೇರು ಸಿಗುವವರೆಗೆ ಎಂದು, ಇಳಿಜಾರು ಬಂದಾಗಲೆಲ್ಲ ಗೇರ್ ರಾಡನ್ನು ಅಂಗೈಯಿಂದ ಒತ್ತಿ ಹಿಡಿದು ಓಡಿಸುತ್ತಿದ್ದೆ. ಒತ್ತಿ ಒತ್ತಿ ಕೈಗೆ ಎಷ್ಟು ರೂಢಿಯಾಯಿತೆಂದರೆ, ಕಾರಿನಲ್ಲಿ ದೋಷವಿದೆ ಎನ್ನುವುದೇ ಮರೆತುಹೋಯಿತು. ಅವತ್ತು ಬೆಳಿಗ್ಗೆ ಭಾವ ಕೀ ತೆಗೆದುಕೊಳ್ಳುವ ಮುಂಚೆ, ಏನಾದರೂ ನೋಡಿಕೊಳ್ಳಬೇಕಾ ಎಂದು ಕೇಳಿದರು. "ಏನೂ ಇಲ್ಲ ಭಾವ, ಆರಾಮಾಗಿ ಹೋಗಿ" ಅಂದೆ. ಅವರಿಗೆ ಯಾವ ಹುಚ್ಚೂ ಹಿಡಿದಿರಲಿಲ್ಲ ತಂಗಿ, ಗೇರು ಜಾರಿ ಕಾರೇ ಅವರನ್ನು ಎಳೆದುಕೊಂಡು ಹೋಯಿತು. ಓದಿದ ಮೇಲೆ ಈ ಕಾಗದವನ್ನು ಮಗಳ ಕೈಗೂ ಕೊಡು. ಎರಡು ವರ್ಷ ನೀನು ಅವರ ಮೇಲೆ ಸಾಧಿಸಿದ ಸಿಟ್ಟು ನನಗೆ ಸೇರಬೇಕಾದದ್ದು.