ಇಬ್ಬರು ಹುಲಿಗೆಮ್ಮ, ಎರಡು ಕಾರ್ಡು

ಮ್ಹಾಪಸಾ, ಗೋವಾ
ಶುಕ್ರವಾರ, 16-11-2007

ನನ್ನ ತಂಗಿ ದ್ರಾಕ್ಷಾಯಿಣಿಗೆ ಅಕ್ಕ ಮುರುಗೆವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲಾ ಕ್ಷೇಮ ಅಂತ ಮೊದಲನೇ ಸಾಲು ಬರಿಬೇಕು, ಗೊತ್ತೈತಿ. ಆದ್ರ ಸುಳ್ಳ ಬರಿಯಾಕ ಕೈ ಬರವಲ್ದು. ಮೂರು ದಿವಸಾತು, ಕಣ್ಣು ಮುಚ್ಚಿದ್ರ ಅದ ಕನಸು. ಹೆಣ್ಣಮಕ್ಕಳು ಸಾಲು ಹಚ್ಚಿ ನಿಂತಾರ, ಸಾಲು ನಮ್ಮ ಅಂಗಡಿಯಿಂದ ಬಸ್‌ಸ್ಟ್ಯಾಂಡ್ ಮಟಾ ಹೋಗೇತಿ. ಎಲ್ಲಾರೂ ಒಂದು ಬೆರಳು ಮುಂದ ಮಾಡ್ಯಾರ. ನಾ ಹೆಸರು ಕೇಳತೇನಿ, ಒಬ್ಬೊಬ್ಬಾಕಿನೂ ಹುಲಿಗೆಮ್ಮ ಅಂತಾಳ. ಕಟ್ಟಕಡಿಗೆ ನೀ ನಿಂತಿರತಿ, ಕೈಯಾಗ ದುಪಟಿ ಸುತ್ತಿದ ಕೂಸು. ದುಪಟಿ ಸರಿಸಿ ನೋಡಬೇಕು ಅನ್ನೂದ್ರಾಗ ಎಚ್ಚರ ಆಗತೈತಿ. ನಮ್ಮ ಮನಿಯವ್ರಿಗೆ ಹೇಳಿದ್ರ, “ಕ್ಲಬ್ಬಿನಾಗ ಬಟಾಟಿವಡಾ ಎರಡರ ಮ್ಯಾಲ ತಿನ್ನಬ್ಯಾಡ ಅಂದಿದ್ನಿಲ್ಲೋ” ಅಂತಾರ. ಅವ್ರಿಗೆ ಎಲ್ಲಾ ಚ್ಯಾಷ್ಟಿ.

ನಾ ಸೇವಾ ಕ್ಲಬ್ ಸೇರೇನಿ ಅಂದಾಗ ನೀನೂ ನಕ್ಕಿದ್ದಿ. ನಾಲ್ಕನೇತ್ತಾ ಬಿಟ್ಟಾಕಿ ಅಲ್ಲಿ ಏನು ಮಾಡತಿ ಅಂದಿ. ನನಗೂ ಹೆದರಿಕಿ ಇತ್ತು. ಪ್ರತಿ ಗುರುವಾರ ಸಂಜಿ ಏಳಕ್ಕ ಹೋಟೆಲ್ಲಿನ ಮ್ಯಾಲಿನ ಹಾಲಿನಾಗ ಮೀಟಿಂಗ್. ಅಧ್ಯಕ್ಷರು ಮೋತಿಲಾಲ ಸೇಟ್, ಟೈಲ್ಸ್ ಅಂಗಡಿಯವ್ರು, ಕೊರಳಾಗ ದೊಡ್ಡ ಪದಕದ ಸರ ಹಾಕ್ಕೊಂಡು ಗಂಟಿ ಬಾರಸ್ತಾರ. ಎಲ್ಲಾರೂ ಎದ್ದು ಪ್ರಾರ್ಥನಾ. ಆಮ್ಯಾಲ ಆ ವಾರ ಹುಟ್ಟಿದಾವ್ರ ಹೆಸರು ಓದಿ ಚಪ್ಪಾಳಿ. ಸೀರಿಗೆ ಕ್ಲಬ್ಬಿನ ಹೆಸರಿನ ಬಿಲ್ಲಾ ಹಚ್ಚಿಲ್ಲ ಅಂದ್ರ, ಇಲ್ಲಾ ಸರದಿ ಬಿಟ್ಟು ಮಾತಾಡಿದ್ರ ದಂಡ: ಎದ್ದು ನಿಂತು ಒಂದು ಹಾಡು ಹೇಳಬೇಕು. ಕಡೀಕ ಚಾ. ನಿನಗ ಖರೇ ಹೇಳತೇನಿ, ನನಗ ಅದು ಭಾಳ ಚಲೋ ಅನಸತಿತ್ತು. ಸಾಲ್ಯಾಗ ಮಾಸ್ತರು ಸುಮ್ಮನ ಬರಕೊಂಡ ಜೂನ್ ಒಂದಕ್ಕ, ನಲವತ್ತಾರು ವರ್ಷದಾಗ ಮೊದಲನೇ ಸಲ, ನಾ ಹುಟ್ಟಿದ್ದಕ್ಕ ಮೂವತ್ತು ಮಂದಿ ಚಪ್ಪಾಳಿ ಬಡದಿದ್ರು. ಮನಿಗೆ ಬಂದು ಬಚ್ಚಲದಾಗ ಅತ್ತಿದ್ನಿ.

ಈಗ ಅದ ಮಂದಿ ಮ್ಯಾಲ ಮೈ ಉರಿಯಾಕತ್ತೇತಿ.

ಗಾಂಧಿ ಜಯಂತಿ ದಿವಸ ಇಲ್ಲಿ ಕಟ್ಟಡದ ಕೆಲಸದಾವ್ರ ಜೋಪಡಿಗೋಳ ಹಂತ್ಯಾಕ ರಕ್ತದ ಗುಂಪು ನೋಡೂ ಕ್ಯಾಂಪ್ ಮಾಡಿದ್ರು. ಎಲ್ಲಾ ನಮ್ಮ ಕಡೆ ಮಂದಿ, ಕುಷ್ಟಗಿ, ಗಜೇಂದ್ರಗಡ, ಬಾದಾಮಿ. ಅದಕ್ಕ ಕನ್ನಡ ಬಲ್ಲಾವ್ರು ಬೇಕು ಅಂತ ನನ್ನೂ, ಬ್ಯಾಂಕಿನವ್ರ ಹೆಂಡತಿ ಕಾಂಚನಾನ್ನೂ ಕೂಡಿಸಿದ್ರು. ಕಾಂಚನಾ ಬೆಳಗಾವಿಯಾಕಿ, ಬಿ.ಎ. ಆಗ್ಯಾಳ. ಸೂಜಿ ಚುಚ್ಚಾಂವ ನಂಬರ ಹಾಕಿದ ಚೀಟಿ ಮ್ಯಾಲ ಗುಂಪು ಬರದು ನಮ್ಮ ಟೇಬಲ್ಲಿಗೆ ಕೊಡತಿದ್ದ. ಅದನ್ನ ನೋಡಿ ಕನ್ನಡದಾಗ ಕಾರ್ಡ್ ಬರದು, ಪ್ಲಾಸ್ಟಿಕ್ ಹಾಕಿಸಿ ಅವ್ರ ಕೈಯಾಗ ಕೊಡೂದು.

ಆ ಫಾರ್ಮ್ ತಯಾರ ಮಾಡಿದ ಶಾಣ್ಯಾ ಯಾರೋ ನನಗ ಗೊತ್ತಿಲ್ಲ. ಅದರಾಗ ಹೆಸರು, ಅದರ ಮುಂದ ಅಡ್ಡಹೆಸರು. ಗಂಡನ ಹೆಸರಿಗೆ ಜಾಗಾನ ಇಲ್ಲ! ಇಲ್ಲಿ ಗೋವಾದಾವ್ರಿಗೆ ಎಲ್ಲಾರಿಗೂ ಅಡ್ಡಹೆಸರು ಇರತಾವು. ನಮ್ಮ ಮಂದಿಗೆ ಎಲ್ಲಿಂದ ತರಬೇಕು? ಗಂಡನ ಹೆಸರು ಬರಿಯೂಣು ಅಂತ ನಾ ಆಗ ಅಂದ್ನಿ, ಖರೇ ಅಂದ್ನಿ. ಮೋತಿಲಾಲ ಸೇಟ್, “ಭಾಭಿ, ಊರ ಹೆಸರ ಹಾಕ್ರಿ, ಮುಗೀತು, ನೂರಾ ಐವತ್ತು ಮಂದಿ ಆಗಬೇಕು ಇವತ್ತ” ಅಂದ್ರು. ನಿಮ್ಮ ಕಡೆ ಹುಲಿಗಿ ದೇವ್ರಿಗೆ ನಡಕೊಳ್ಳಾವ್ರ ಮನ್ಯಾಗ ಓಣಿಗೆ ನಾಕು ಹುಲಿಗೆಮ್ಮ ಇರತಾರ ಅಂತ ಆ ಸೇಟ್‌ಗೆ ಏನು ಗೊತ್ತು? ಹಿಂಗಾಗಿ ನಲವತ್ತೊಂದನೇ ನಂಬರಿನಾಕಿ ಹುಲಿಗೆಮ್ಮ ಕುಷ್ಟಗಿ, ನಲವತ್ತೆರಡನೇದಾಕಿನೂ ಹುಲಿಗೆಮ್ಮ ಕುಷ್ಟಗಿ. ಒಬ್ಬಾಕಿ ವಯಸ್ಸಾದಾಕಿ, ಇನ್ನೊಬ್ಬಾಕಿ ಕಂಠೆಪ್ಪ ಅನ್ನೂ ಗೌಂಡಿ ಹೆಂಡತಿ, ಇಪ್ಪತ್ತೆರಡರ ಹುಡುಗಿ.

ಮೊನ್ನೆ ಮಂಗಳವಾರ ದೊಡ್ಡ ಹುಲಿಗೆಮ್ಮ ಅಂಗಡಿಗೆ ಕೊಡಪಾನ ತಗೊಳ್ಳಾಕ ಬಂದ್ಲು. ಕಾರ್ಡ್ ಕುಬಸದಾಗಿಂದ ತಗದು, “ಅಕ್ಕಾರ, ನಿಮ್ಮ ಕಾರ್ಡ್ ಸುಳ್ಳ ಹೇಳತೈತಿ ನೋಡ್ರಿ” ಅಂತ ನಗಾಕತ್ಲು. ಅದರಾಗ ಓ ನೆಗೆಟಿವ್ ಅಂತ ಐತಿ. ಆಕಿ ಮೂರು ಹಡದಾಕಿ, ಒಮ್ಮೆ ಹುಬ್ಬಳ್ಳಿ ದೊಡ್ಡ ದವಾಖಾನ್ಯಾಗ ರಕ್ತಾನೂ ಹಾಕಿಸಿಕೊಂಡಾಳ. ಆ ಹಳೇ ಕಾಗದಾನೂ ತಂದಿದ್ಲು, ಓ ಪಾಸಿಟಿವ್. ನಾ ಆಕಿನ್ನ ಅವತ್ತ ದವಾಖಾನಿಗೆ ಕರಕೊಂಡು ಹೋಗಿ ಮತ್ತ ತೋರಿಸಿದ್ನಿ. ಪಾಸಿಟಿವ್ವ. ಹಂಗಾದ್ರ ನೆಗೆಟಿವ್ ಯಾರು? ಪಾಸಿಟಿವ್ ಅಂತ ಬರದ ಕಾರ್ಡ್ ಹಿಡಕೊಂಡು ದೀಪಾವಳಿಗೆ ನಿಮ್ಮೂರಿಗೆ, ತವರಿಗೆ ಹೋದ ಸಣ್ಣ ಹುಲಿಗೆಮ್ಮ. ಆಕಿ ಏಳು ತಿಂಗಳ ಬಸಿರಿ.

ಕ್ಲಬ್ಬಿನಾಗಿನ ಡಾಕ್ಟರ್ ಬಾಯಾರ ಮನಿಗೆ ಓಡಿದ್ನಿ. ಅವ್ರು ಹೇಳಿದ್ದು ನಾ ತಿಳಕೊಂಡಷ್ಟು ಬರಿತೇನಿ. ತಾಯಿ ರಕ್ತ ನೆಗೆಟಿವ್ ಇದ್ದು ಹೊಟ್ಟ್ಯಾಗಿನ ಕೂಸಿಂದು ಪಾಸಿಟಿವ್ ಇದ್ರ ಒಂದಕ್ಕೊಂದು ಹೊಂದೂದಿಲ್ಲಂತ. ಏಳನೇ ತಿಂಗಳದಾಗ ಒಂದು ಸೂಜಿ, ಹಡದ ಮೂರು ದಿವಸದೊಳಗ ಇನ್ನೊಂದು ಸೂಜಿ ಮಾಡಬೇಕು. ಈಕಿದು ಎರಡನೇ ಬಸಿರು. ಮೊದಲನೇದು ಮನ್ಯಾಗ ಹೆರಿಗಿ, ಯಾವ ಸೂಜಿನೂ ಇಲ್ಲ. ಅದಕ್ಕ ಈ ಸಲದ ಕೂಸಿಗೆ ಧೋಕಾ ಇರಬಹುದು, ತಡಾ ಮಾಡಬ್ಯಾಡ್ರಿ, ದೊಡ್ಡ ದವಾಖಾನ್ಯಾಗ ಹಡೀಲಿ ಅಂದ್ರು. ಅಲ್ಲಿ ಯಾರರ ಕಾರ್ಡ್ ನೋಡಿ, ಪಾಸಿಟಿವ್ ಐತಲ್ಲ, ಮತ್ಯಾಕ ಚುಚ್ಚೂದು ಅಂತ ಬಿಟ್ರ? ಇದ ನನ್ನ ಜೀವ ತಿನ್ನಾಕತ್ತೇತಿ. ಕಂಠೆಪ್ಪ ಹೆಂಡತಿ ಜೋಡಿ ಹೋಗ್ಯಾನ, ಅವನ ಮೊಬೈಲ್ ಹತ್ತವಲ್ದು.

ನಿನ್ನೆ ಮೀಟಿಂಗಿನಾಗ ಎದ್ದು ನಿಂತ್ನಿ. ಕಾರ್ಡ್ ತಪ್ಪ್ಯಾವ, ಎಲ್ಲಾ ವಾಪಸ್ ತಗೊಂಡು ಒಬ್ಬೊಬ್ಬರ್ದು ಮತ್ತ ನೋಡಬೇಕು ಅಂದ್ನಿ. ಹಿಂದಿ ಅರ್ಧಾ ಮರತಿತ್ತು. ಮೋತಿಲಾಲ ಸೇಟ್ ಗಂಟಿ ಬಾರಿಸಿ, “ಭಾಭಿ, ಇವತ್ತಿನ ಅಜೆಂಡಾದಾಗ ಇದಿಲ್ಲ” ಅಂದ್ರು. ಅಜೆಂಡಾದಾಗ ಏನಿತ್ತು ಗೊತ್ತೈತೇನು? ಮುಂದಿನ ಗುರುವಾರ ಗವರ್ನರ್ ಬರತಾರ. ರಾಜಭವನದಾವ್ರಲ್ಲ, ಕ್ಲಬ್ಬಿಗೇ ಒಬ್ಬ ಗವರ್ನರ್ ಇರತಾನ. ಅವ್ರಿಗೆ ಹಾರ ಗುಲಾಬಿದೋ, ಶೇವಂತಿದೋ ಅಂತ ಇಪ್ಪತ್ತು ಮಿನಿಟು! ಈ ಕ್ಯಾಂಪಿಗೆ ಈ ವರ್ಷದ ಬಹುಮಾನದ ಢಾಲು ಕೊಡತಾರಂತ. ಫೋಟೋ ಪೇಪರಿನಾಗ ಬಂದಾವ, ರಿಪೋರ್ಟ್ ಹೋಗೇತಿ, ಈಗ ತಪ್ಪು ಅಂದ್ರ ಮಾನ ಹೋಗತೈತಿ ಅಂದ್ರು. ಯಾರ ಮಾನ? ಗುಳೆ ಬಂದು ಇವ್ರ ಮನಿ ಕಟ್ಟೂ ಮಂದಿ ಬೆರಳು ಚುಚ್ಚಿ, ಬ್ಯಾನರ್ ಮುಂದ ನಿಂದರಿಸಿ, ಕೈಯಾಗ ಸುಳ್ಳ ಕಾರ್ಡ್ ಕೊಟ್ಟು ಕಳಿಸಿದ್ರಲ್ಲ, ಅದಕ್ಕ ಸೇವಾ ಅಂತಾರೇನು?

ನಾ ಕುಂದರಲಿಲ್ಲ. ಆಗ ಹಿಂದಿಂದ ಒಬ್ಬಾಂವ, “ಸರದಿ ಬಿಟ್ಟು ಮಾತಾಡಿದ್ರು, ಹಾಡು, ಹಾಡು!” ಅಂತ ಕೂಗಿದ. ಎಲ್ಲಾರೂ ಟೇಬಲ್ ಬಡಿಯಾಕತ್ತಿದ್ರು. ನಗಚಾಟ್ಲಿ ಮಾಡಿ ಮುಗಸೂದು, ಅದ ಅವ್ರ ದಾರಿ. ಡಾಕ್ಟರ್ ಬಾಯಿ ಸೈತ ತಮ್ಮ ಅಜೆಂಡಾ ಹಾಳಿ ನೋಡಕೋತ ಕುಂತ್ರು. ನಾ ಹಾಡಲಿಲ್ಲ ದ್ರಾಕ್ಷಾಯಿಣಿ. ಬಿಲ್ಲಾ ಬಿಚ್ಚಿ ಟೇಬಲ್ ಮ್ಯಾಲ ಇಟ್ಟು ಬಂದ್ನಿ. ಚಾನೂ ಕುಡಿಲಿಲ್ಲ.

ಫೋನ್ ಯಾಕ ಮಾಡಲಿಲ್ಲ ಅಂತ ಕೇಳತಿ. ಫೋನಿನಾಗ ಪಾಸಿಟಿವ್ ನೆಗೆಟಿವ್ ಅದಲಬದಲಾದ್ರ ಏನು ಮಾಡೂದು? ಕಾಗದಾದ್ರ ಸಿಸ್ಟರಿಗೆ ತೋರಿಸಬಹುದು. ಕುಷ್ಟಗಿ ಬಸ್ಸಿನ ಕಂಡಕ್ಟರ್ ಮೌಲಾಸಾಬನ ಕೈಯಾಗ ಕಳಸಾಕತ್ತೇನಿ, ನಾಳೆ ಮುಂಜಾನೆ ನಿನ್ನ ಅಂಗನವಾಡಿಗೆ ಮುಟ್ಟಸ್ತೇನಿ ಅಂದಾನ. ಹುಲಿಗೆಮ್ಮನ ತಂದಿ ಹೆಸರು ರೂಪಲಪ್ಪ, ಸಂತಿ ಬಯಲಿನ ಹಿಂದಿನ ಓಣಿ. ಅಲ್ಲೂ ಹುಲಿಗೆಮ್ಮ ಅಂತ ಕೇಳಿದ್ರ ನಾಕು ಮಂದಿ ಬರತಾರ. ಕಂಠೆಪ್ಪನ ಹೆಂಡತಿ, ಗೋವಾದಿಂದ ಬಂದಾಕಿ, ಅಂತ ಕೇಳು. ಹೆದರಿಸಬ್ಯಾಡ. ಹೆದರಿದ್ರ ಅಡಗಿ ಕುಂದರತಾಳ. ನೀನ ಕೈ ಹಿಡಕೊಂಡು ದವಾಖಾನಿಗೆ ಕರಕೊಂಡು ಹೋಗವ್ವಾ.

ನಿನ್ನ ಅಕ್ಕ,
ಮುರುಗೆವ್ವ ಬಸಲಿಂಗಪ್ಪ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ನಿ, ಮತ್ತ ಬಿಚ್ಚೇನಿ. ಕಾರ್ಡ್ ನೋಡಿದ ಕೂಡ್ಲೆ ಅಕ್ಷರ ಯಾರ್ದು ಅಂತ ನಿನಗ ತಿಳೀತೈತಿ. ಪಾಟಿ ಮ್ಯಾಲ ಕೈ ಹಿಡದು ನಿನಗ ತಿದ್ದಿಸಿದಾಕಿ ನಾನ. ಆ ಎರಡೂ ಕಾರ್ಡ್ ನಾನ ಬರದ್ನಿ. ನಂಬರ ನೋಡಿ ಬರೀರಿ ಅಂತ ಡಾಕ್ಟರ್ ಬಾಯಾರು ಎರಡು ಸಲ ಹೇಳಿದ್ರು. ನಲವತ್ತೊಂದು ಬರಿಯೂ ಮುಂದ ಫೋಟೋಕ್ಕ ಕರದ್ರು, ನಾ ಬಿಲ್ಲಾ ನೆಟ್ಟಗ ಮಾಡಿಕೊಂಡು ಓಡಿದ್ನಿ. ತಿರಗಿ ಬಂದು ಚೀಟಿ ಮ್ಯಾಲಿನ ನಂಬರ ನೋಡದ, ಹೆಸರು ಕೂಗಿ ಮುಂದ ಬಂದಾಕಿಗೆ ಒಂದು, ಹಿಂದ ಬಂದಾಕಿಗೆ ಒಂದು ಕೊಟ್ನಿ. ನಿನ್ನೆ ಮೀಟಿಂಗಿನಾಗ ಮೋತಿಲಾಲ ಸೇಟ್ ಒಂದು ಮಾತು ಕೇಳಿದ್ರು, ಅದನ್ನ ಮ್ಯಾಲ ಬರದಿಲ್ಲ. “ಆ ಕಾರ್ಡ್ ಬರದಾವ್ರು ಯಾರು?” ಅಂದ್ರು. ಎಲ್ಲಾರೂ ಕಾಂಚನಾನ್ನ ನೋಡಿದ್ರು. ಆಕಿ ನನ್ನ ನೋಡಿದ್ಲು. ನಾ ಬಾಯಿ ಬಿಡಲಿಲ್ಲ. ಇವತ್ತ ಸಂಜಿಗೆ ಆಕಿ ಮನಿಗೆ ಹೋಗತೇನಿ, ಗುರುವಾರ ಗವರ್ನರ್ ಮುಂದೂ ಹೇಳತೇನಿ. ಬೇಕಾದ್ರ ಹಾಡು ಹೇಳಸ್ಲಿ. ಆದ್ರ ನನ್ನ ಲೆಕ್ಕ ನಂಬಬ್ಯಾಡ. ದೊಡ್ಡಾಕಿದು ಪಾಸಿಟಿವ್ ಅಂದ ಮಾತ್ರಕ್ಕ ಸಣ್ಣಾಕಿದು ನೆಗೆಟಿವ್ ಅಂತ ನಾ ಕುಂತಲ್ಲೇ ಕೂಡಿಸಿ ಹೇಳಾಕತ್ತೇನಿ, ಅವತ್ತಿನ ಚೀಟಿ ಮೂರನೇದಾಕಿಗೇ ಸೇರಿದ್ದಿದ್ರ? ಅದಕ್ಕ ನನ್ನ ಕಾರ್ಡ್ ತೋರಿಸಬ್ಯಾಡ, ಈ ಕಾಗದಾನೂ ಮೊದಲ ತೋರಿಸಬ್ಯಾಡ. ಹೊಸಾದಾಗಿ ರಕ್ತ ತಗಸು, ಸಿಸ್ಟರ್ ಗುಂಪು ಬರದ ಮ್ಯಾಲ ಆ ಹಾಳಿ ಮ್ಯಾಲ ಗಂಡನ ಹೆಸರು ಕಂಠೆಪ್ಪ ಅಂತ ಐತಿಲ್ಲೋ, ಇನ್ನೊಮ್ಮೆ ನೋಡು.