ಟಯರಿನ ಒಳಗಿದ್ದ ಒಂದು ಗೆರೆ

ಭಾನುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಬುಗುರಿ,

ಆಶೀರ್ವಾದವನ್ನು ಕೊನೆಯಲ್ಲಿ ಬರೆಯುತ್ತೇನೆ, ಅಲ್ಲಿಯವರೆಗೆ ಅದು ಉಳಿದಿದ್ದರೆ. ಮೊದಲು ಕುಳಿತುಕೋ. ಎಡಗೈ ಊರಿ ಕೂರಬೇಡ. ಆ ಕೈಗೆ ಹೇಗೆ ಪೆಟ್ಟಾಯಿತು ಎಂಬುದು ನನಗೆ ನಿನ್ನೆ ಗೊತ್ತಾಯಿತು.

ಈ ಪತ್ರವನ್ನು ನಿನ್ನ ಗಂಡನ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಿನ್ನ ಮುಂದೆ ನನ್ನ ಆಟ ನಡೆಯುವುದಿಲ್ಲ. ನಾನು ಒಂದು ಅನ್ನುವಷ್ಟರಲ್ಲಿ ನೀನು ಹತ್ತು ಹೇಳಿ, ನಗಿಸಿ, ಸರಿ ಅಮ್ಮ ಇಡ್ತೀನಿ ಅಂದುಬಿಡುತ್ತೀಯ. ಲಕೋಟೆಗೆ ಪಂಕ್ಚರ್ ಹಾಕುವ ಸಲ್ಯೂಷನ್ ಬಳಿದಿದ್ದೇನೆ. ದಾರಿಯಲ್ಲಿ ಅಳಿಯಂದಿರು ಬಿಚ್ಚಲು ನೋಡಿದರೆ ಕಾಗದ ಹರಿದೀತೇ ಹೊರತು ಅಂಟು ಬಿಡುವುದಿಲ್ಲ. ಹರಿದಿದೆಯೇ ಎಂದು ನೋಡಿಕೊಂಡು ಮುಂದೆ ಓದು.

ನಿನ್ನೆ ಬೆಳಿಗ್ಗೆ ಶಟರ್ ಅರ್ಧ ಎತ್ತಿದ್ದೆನಷ್ಟೇ, ಗುಡ್ಡ ಹತ್ತುವಂಥ ದೊಡ್ಡ ಬೈಕೊಂದು ಬಂದು ಬಾಗಿಲಲ್ಲಿ ನಿಂತಿತು. ಹೆಲ್ಮೆಟ್ ತೆಗೆದರೆ ನಮ್ಮ ಅಳಿಯಂದಿರು! ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕುಳಿತು ಊರಿನವರ ಕಣ್ಣು ನೋಡುವ ಮನುಷ್ಯ, ಸೈಕಲ್ ಹತ್ತಿದರೂ ದೇವರನ್ನು ನೆನೆಯುವವರು. ಮೊಣಕಾಲು ಎದೆಗೆ ತಾಗುವ ಹಾಗೆ ಮಿಡತೆಯಂತೆ ಮಡಚಿಕೊಂಡು ಕುಳಿತಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಅಳಿಯ ಬಂದ ಸಂಭ್ರಮದಲ್ಲಿ ಬರಲಿಲ್ಲ.

ಬೈಕು ಸ್ನೇಹಿತನದು ಅಂದರು. ಇಬ್ರೂ ಸೇರಿ ಗುಡ್ಡ ಸುತ್ತೋಕೆ ಹೋಗ್ತೀವಿ ಅತ್ತೆ, ಮಣ್ಣುದಾರಿಗೆ ಆಗೋ ಟಯರ್ ಹಾಕ್ಕೊಡಿ, ಮೈಮೇಲೆ ಉಬ್ಬುಬ್ಬಾಗಿ ದೊಡ್ಡ ದೊಡ್ಡ ಬಟನ್ ಇರೋದೇ ಬೇಕು ಅಂದರು. ಫೋನಿನಲ್ಲಿ ಯಾರೋ ಕೆಸರು ಹಾರಿಸುತ್ತ ಹೋಗುವ ಚಿತ್ರವನ್ನೂ ತೋರಿಸಿದರು. ಚಿತ್ರ ನೋಡಿ ಟಯರ್ ಕೇಳುವವರು ನನಗೆ ಹೊಸಬರಲ್ಲ. ಫೋಟೋ ನೋಡಿ ಹೆಣ್ಣು ಒಪ್ಪಿದ ಹಾಗೆ ಅದು, ಸಂಸಾರ ಶುರುವಾದ ಮೇಲೆ ಗೊತ್ತಾಗುತ್ತದೆ.

ನನ್ನ ಅಂಗಡಿಯಲ್ಲಿ ಟಯರಿಗಿಂತ ಮೊದಲು ಪ್ರಶ್ನೆ ಸಿಗುತ್ತದೆ ಎಂದು ನಿನಗೆ ಗೊತ್ತೇ ಇದೆ. ನಿನ್ನ ದಾರಿಯನ್ನು ಹತ್ತು ಪಾಲು ಮಾಡಿದರೆ ಎಷ್ಟು ಪಾಲು ಡಾಂಬರು, ಎಷ್ಟು ಮಣ್ಣು? ಮಣ್ಣೆಂದರೆ ಮರಳೋ, ಜೇಡಿಯೋ, ಕಲ್ಲೋ? ಓಡಿಸುವವರ ತೂಕ ಎಷ್ಟು? ಉತ್ತರ ಕೇಳಿ ಟಯರ್ ಆರಿಸುತ್ತೇನೆ, ರಿಮ್ಮಿಗೆ ಏರಿಸುವ ಮೊದಲು ಅದರ ಒಳಮೈಗೆ ಹಳದಿ ಬಣ್ಣದಲ್ಲಿ ಗೆರೆ ಎಳೆಯುತ್ತೇನೆ. ಡಾಂಬರಿಗೆ ಒಂದು, ಅರ್ಧಂಬರ್ಧಕ್ಕೆ ಎರಡು, ಬರೀ ಮಣ್ಣಿಗೆ ಮೂರು. ಮುಂದೆ ಆ ಟಯರ್ ಬಿಚ್ಚಿದಾಗ ಗಿರಾಕಿ ಹೇಳಿದ್ದೇನು, ಮಾಡಿದ್ದೇನು ಎಂದು ತಿಳಿಯಬೇಕಲ್ಲ. ಡಾಕ್ಟರ ಹತ್ತಿರ, ವಕೀಲರ ಹತ್ತಿರ, ಟಯರ್ ಅಂಗಡಿಯವಳ ಹತ್ತಿರ ಸುಳ್ಳು ಹೇಳಬಾರದು ಅಂತ ನಾನು ಹೇಳುವಾಗೆಲ್ಲ ನೀನು ಕಿಸಕ್ಕನೆ ನಗುತ್ತಿದ್ದೆ.

ಅಳಿಯಂದಿರು ಹತ್ತಕ್ಕೆ ಹತ್ತೂ ಮಣ್ಣು ಅಂದರು. ತೂಕ ಕೇಳಿದಾಗ ತಡವರಿಸಿ, ಐವತ್ತೋ ಏನೋ ಅಂದರು. ನಿಮ್ಮ ಸ್ನೇಹಿತ ಹೊಟ್ಟೆಗೆ ಏನಾದ್ರೂ ತಿಂತಾರೋ ಇಲ್ವೋ ಅಂತ ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಆಗ ಬೈಕಿನ ಸುತ್ತ ಒಮ್ಮೆ ಬಂದೆ. ಸೀಟಿನ ಸ್ಪಂಜನ್ನು ಕೊಯ್ದು ತಗ್ಗಿಸಿದ್ದರು. ಕ್ಲಚ್ಚಿನ ಹಿಡಿಯನ್ನು ಚಿಕ್ಕ ಕೈಯವರಿಗೆ ಎಟುಕುವಂತೆ ಒಳಕ್ಕೆ ಎಳೆದಿದ್ದರು. ಹ್ಯಾಂಡಲ್ಲಿನ ಎಡತುದಿ ಉಜ್ಜಿ ಹೋಗಿತ್ತು, ಎಡಗಾಲು ಇಡುವ ಕಬ್ಬಿಣ ಮೇಲಕ್ಕೆ ಬಾಗಿತ್ತು. ಯಾರೋ ಪಾಪ ಎಡಕ್ಕೆ ಜೋರಾಗಿ ಬಿದ್ದಿದ್ದಾರೆ ಅಂದುಕೊಂಡೆ. ಯಾರೋ, ಪಾಪ!

ಆಮೇಲೆ ಮುಂದಿನ ಚಕ್ರದ ಟಯರ್ ಬಿಚ್ಚಿದೆ. ಒಳಗೆ ನನ್ನ ಹಳದಿ ಗೆರೆ ಇತ್ತು. ಒಂದೇ ಗೆರೆ.

ಕೇಳು ಬುಗುರಿ. ಕಳೆದ ಬೇಸಿಗೆಯಲ್ಲಿ ಇದೇ ಅಳಿಯಂದಿರು ಫೋನ್ ಮಾಡಿ, ಗೆಳೆಯನಿಗೆ ಒಂದು ಜೊತೆ ಟಯರ್ ಬೇಕು ಅತ್ತೆ, ಮನೆಯಿಂದ ಆಫೀಸಿಗೆ ಅಷ್ಟೇ ಓಡ್ಸೋದು, ಬರೀ ಡಾಂಬರು ಅಂದಿದ್ದರು. ಅಳಿಯನ ಗೆಳೆಯ ಎಂದು ನಾನು ಇದ್ದುದರಲ್ಲೇ ಒಳ್ಳೆಯದನ್ನು ಹುಡುಕಿ, ಡಾಂಬರಿಗೆ ಹೇಳಿಮಾಡಿಸಿದ ನುಣುಪು ಮೈಯ ಟಯರುಗಳಿಗೆ ಒಳಗೆ ಒಂದೊಂದು ಗೆರೆ ಎಳೆದು ಬಸ್ಸಿಗೆ ಹಾಕಿ ಕಳಿಸಿದ್ದೆ. ಅದೇ ಟಯರು ನನ್ನ ಕೈಯಲ್ಲಿತ್ತು. ಅದರ ಸಣ್ಣ ಗೀರುಗಳ ತುಂಬ ಕೆಂಪು ಜೇಡಿ ಒಣಗಿ ಕೂತಿತ್ತು. ತಗ್ಗಿಸಿದ ಸೀಟು, ಚಿಕ್ಕ ಕೈ, ಐವತ್ತು ಕಿಲೋ, ಎಡಕ್ಕೆ ಬಿದ್ದ ಗುರುತು. ಬಚ್ಚಲಲ್ಲಿ ಜಾರಿದೆ ಅಮ್ಮ, ಎಡಗೈ ಮಣಿಕಟ್ಟು ಬಿರುಕು ಬಿಟ್ಟಿದೆ ಅಂದಿದ್ದ ನಿನ್ನ ಮಾತು. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕೇ? ಟಯರ್ ಎಬ್ಬಿಸಲು ಹಿಡಿದಿದ್ದ ಕಬ್ಬಿಣದ ಲಿವರ್ ಜಾರಿ ಪಾದದ ಮೇಲೆ ಬಿತ್ತು. ನೋವು ಗೊತ್ತಾದದ್ದು ಸಂಜೆಗೆ.

ಇದು ಯಾರ ಬೈಕು ಎಂದು ಕೇಳಿದೆ. ಅಳಿಯಂದಿರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅವಳದೇ ಅತ್ತೆ ಅಂದರು.

ಆಮೇಲೆ ಅವರು ಹೇಳಿದ್ದನ್ನೆಲ್ಲ ಬರೆಯಲು ಕೈ ಬರುತ್ತಿಲ್ಲ, ಆದರೂ ನನಗೆ ಗೊತ್ತು ಎಂಬುದು ನಿನಗೆ ಗೊತ್ತಾಗಲಿ. ದೊಡ್ಡ ವಿದ್ಯುತ್ ಗೋಪುರಗಳ ತಪಾಸಣೆ ನಿನ್ನ ಕೆಲಸ, ಜೀಪಿನಲ್ಲಿ ಕುಳಿತು ಕಿಟಕಿಯಿಂದ ದುರ್ಬೀನು ಹಿಡಿದರೆ ಮುಗಿಯಿತು ಎಂದು ನನ್ನನ್ನು ನಂಬಿಸಿದ್ದೆಯಲ್ಲ ತಾಯಿ! ಗುಡ್ಡ ಜರಿದು ಜೀಪಿನ ದಾರಿಯೇ ಹೋಗಿ ವರ್ಷವಾಯಿತಂತೆ. ಅಂದಿನಿಂದ ನೀನು ಒಬ್ಬಳೇ ಈ ಬೈಕಿನಲ್ಲಿ ಗೋಪುರದಿಂದ ಗೋಪುರಕ್ಕೆ ಹೋಗುತ್ತಿದ್ದೀಯಂತೆ. ಜೇಡಿಯ ಇಳಿಜಾರಿನಲ್ಲಿ ಮುಂದಿನ ಚಕ್ರ ಜಾರಿತಂತೆ. ಬೈಕು ಕಾಲ ಮೇಲೆ ಬಿದ್ದು, ಫೋನಿಗೆ ಸಿಗ್ನಲ್ ಇಲ್ಲದೆ, ಕುರಿ ಕಾಯುವ ಹೆಂಗಸೊಬ್ಬಳು ಆ ಕಡೆ ಬರುವವರೆಗೆ ಕೆಸರಿನಲ್ಲೇ ಮಲಗಿದ್ದೆಯಂತೆ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ? ಯಾರದೋ ಟ್ಯೂಬಿಗೆ ಗಾಳಿ ತುಂಬುತ್ತಿದ್ದೆನೇನೋ. ನನ್ನ ಮಗಳು ನಾನೇ ಆರಿಸಿದ ಟಯರಿನ ಪಕ್ಕದಲ್ಲಿ ಬಿದ್ದಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನಿನ್ನೆಯಿಂದ ಇದೊಂದನ್ನೇ ಯೋಚಿಸುತ್ತಿದ್ದೇನೆ.

ನೀನೋ, ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವಳು. ಬಚ್ಚಲಲ್ಲಿ ಜಾರದಿರಲಿ ಎಂದು ನಾನು ಹಳೆಯ ಟಯರ್ ಕತ್ತರಿಸಿ ರಬ್ಬರ್ ಹಾಸು ಮಾಡಿ ಕಳಿಸಿದೆನಲ್ಲ, ಅದನ್ನು ಬಾಗಿಲಲ್ಲಿ ಕೆಸರಿನ ಬೂಟು ಒರೆಸಲು ಹಾಕಿಕೊಂಡಿದ್ದೀಯಂತೆ. ಅದನ್ನು ಕೇಳಿ ನಿನ್ನ ಅಪ್ಪ ನಕ್ಕರು. ನನಗೆ ಅಳು ಬಂತು.

ನನ್ನ ಕೋಪ ನೀನು ಬೈಕು ಹತ್ತಿದ್ದಕ್ಕಲ್ಲ. ಅದಕ್ಕೂ ಇದೆ, ಅದರ ಸರದಿ ಆಮೇಲೆ. ಕಾಲೇಜಿನಲ್ಲಿದ್ದಾಗ ನೀನು ಬೈಕು ಕೇಳಿದೆ, ಈ ಮನೇಲಿ ಟಯರ್ ಮಾರ್ತೀವಿ, ಓಡ್ಸಲ್ಲ ಅಂತ ನಾನು ಬಾಗಿಲು ಹಾಕಿದ್ದೆ. ಆ ಮಾತಿಗೆ ಹೆದರಿ ಸುಳ್ಳು ಹೇಳಿದ್ದಂತೆ. ದಾರಿಯ ವಿಷಯದಲ್ಲಾದರೂ ನಿಜ ಹೇಳಿಸಬಾರದಿತ್ತೇ? ಗೆಳೆಯನ ಹೆಸರಿನಲ್ಲೇ ಇರಲಿ, ಜೇಡಿ ಇದೆ ಅತ್ತೆ ಅಂತ ಒಂದು ಮಾತು ಅಂದಿದ್ದರೆ ನಾನು ಆ ಟಯರನ್ನು ಮುಟ್ಟುತ್ತಿರಲಿಲ್ಲ. ಜೇಡಿ ಅಂದರೆ ಅಮ್ಮನಿಗೆ ನಿನ್ನ ಗುಡ್ಡ ನೆನಪಾಗುತ್ತದೆ ಎಂದು ಡಾಂಬರು ಅನ್ನಿಸಿದೆಯಂತೆ. ಎಂಥ ಜಾಣೆ!

ಬೈಕನ್ನು ಗೋದಾಮಿನಲ್ಲಿ ಬೀಗ ಹಾಕಿಟ್ಟು ಅಳಿಯಂದಿರನ್ನು ಬಸ್ಸು ಹತ್ತಿಸೋಣ ಎಂದು ನಿಶ್ಚಯ ಮಾಡಿದ್ದೆ. ಬೀಗವನ್ನು ಕೈಗೂ ತೆಗೆದುಕೊಂಡಿದ್ದೆ. ಆಮೇಲೆ ಅನ್ನಿಸಿತು, ನೀನು ಇನ್ನೊಂದು ಬೈಕು ಹುಡುಕುತ್ತೀಯ, ಇನ್ನೊಂದು ಅಂಗಡಿಗೆ ಹೋಗುತ್ತೀಯ. ಅಲ್ಲಿ ಪ್ರಶ್ನೆಯನ್ನೂ ಕೇಳುವುದಿಲ್ಲ. ಬೀಗ ಕೆಳಗಿಟ್ಟೆ.

ಇನ್ನು ಟಯರಿನ ಮಾತು, ಕಿವಿಗೊಟ್ಟು ಕೇಳು. ಹತ್ತಕ್ಕೆ ಹತ್ತೂ ಮಣ್ಣು ಅಂದದ್ದು ಕೂಡ ಸುಳ್ಳೇ. ಹಿಂದಿನ ಟಯರಿನ ನಡುಭಾಗ ಚಪ್ಪಟೆಯಾಗಿ ಸವೆದಿತ್ತು. ಡಾಂಬರಿನಲ್ಲಿ ನೆಟ್ಟಗೆ ಓಡದೆ ಹಾಗೆ ಸವೆಯುವುದಿಲ್ಲ. ಗಟ್ಟಿಯಾಗಿ ಕೇಳಿದ ಮೇಲೆ ಅರ್ಧ ದಾರಿ ಡಾಂಬರು ಎಂದು ಅಳಿಯಂದಿರು ಒಪ್ಪಿದರು. ನೀವಿಬ್ಬರೂ ಆಸೆಪಟ್ಟ ಆ ದೊಡ್ಡ ಬಟನ್ ಟಯರು ಕೆಸರಿನಲ್ಲಿ ರಾಜ, ನಿಜ. ಆದರೆ ಮಳೆ ನೀರು ನಿಂತ ಡಾಂಬರಿನಲ್ಲಿ ಬ್ರೇಕ್ ಹಿಡಿದರೆ ನಿಲ್ಲುವುದಿಲ್ಲ, ತಿರುವಿನಲ್ಲಿ ನೆಲ ಕಚ್ಚುವುದಿಲ್ಲ. ಒಂದು ಗುಂಡಿಯಿಂದ ಎತ್ತಿ ಇನ್ನೊಂದಕ್ಕೆ ತಳ್ಳಿದ ಹಾಗಾಗುತ್ತದೆ. ಹಿಂದಕ್ಕೆ ಅರ್ಧಂಬರ್ಧದ ಟಯರ್ ಹಾಕಿದ್ದೇನೆ. ಮುಂದಕ್ಕೆ ಬಟನ್ನೇ ಇದೆ, ಆದರೆ ಒತ್ತೊತ್ತಾಗಿ ಕೂತ ಚಿಕ್ಕ ಬಟನ್ನು, ಅದು ಜೇಡಿಯಲ್ಲಿ ದಿಕ್ಕು ಬಿಟ್ಟುಕೊಡುವುದಿಲ್ಲ. ಎರಡಕ್ಕೂ ಒಳಗೆ ಎರಡೆರಡು ಗೆರೆ ಎಳೆದಿದ್ದೇನೆ.

ಡಾಂಬರಿನಲ್ಲಿ ಗಾಳಿ ಪೂರ್ತಿ ಇರಲಿ. ಕೆಸರಿಗೆ ಇಳಿಯುವ ಮೊದಲು ಸ್ವಲ್ಪ ಬಿಡು, ಟಯರ್ ಅಗಲವಾಗಿ ನೆಲ ಹಿಡಿಯುತ್ತದೆ. ಕಲ್ಲಿನ ದಾರಿ ಬರುವ ಮೊದಲು ಮತ್ತೆ ತುಂಬಿಸು, ಇಲ್ಲದಿದ್ದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಸೀಳುತ್ತದೆ. ಕೈಪಂಪು, ಗಾಳಿ ನೋಡುವ ಮೀಟರು, ಎರಡು ಟ್ಯೂಬು ಪೆಟ್ಟಿಗೆಯಲ್ಲಿವೆ. ಜೇಡಿಯ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡ, ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿ, ಹತ್ತಿರದ ಕಲ್ಲು ನೋಡದೆ ದೂರ ನೋಡು. ಟಯರ್ ಮಾರುವವಳಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬೇಡ. ಗಿರಾಕಿಗಳು ಹೇಳುತ್ತಿರುತ್ತಾರೆ.

ಡಾಕ್ಟರು ಕೈ ಪೂರ್ತಿ ಕೂಡಿದೆ ಎಂದು ಹೇಳುವವರೆಗೆ ಬೈಕಿನ ಕೀಲಿ ಅಳಿಯಂದಿರ ಜೇಬಿನಲ್ಲಿರುತ್ತದೆ. ಅವರಿಂದ ನನ್ನ ಮೇಲೆ ಆಣೆ ಮಾಡಿಸಿಕೊಂಡಿದ್ದೇನೆ. ಆಮೇಲೆ ಗುಡ್ಡ ಹತ್ತುವ ದಿನ, ಹತ್ತುವ ಮೊದಲು ಫೋನ್ ಮಾಡು, ಇಳಿದ ಮೇಲೆ ಮಾಡು. ನಿಜ ಹೇಳು. ಬಿದ್ದರೆ ಬಿದ್ದೆ ಅನ್ನು. ಬಿದ್ದ ಮಗಳನ್ನು ತಡೆದುಕೊಂಡೇನು, ಬಿದ್ದದ್ದನ್ನು ಟಯರಿನಿಂದ ತಿಳಿಯುವುದು ನನ್ನಿಂದ ಇನ್ನೊಮ್ಮೆ ಆಗುವುದಿಲ್ಲ.

ಆಶೀರ್ವಾದ ಇನ್ನೂ ಉಳಿದಿದೆ. ಪೂರ್ತಿ ತೆಗೆದುಕೋ.

ಎದೆಬಡಿತ ಇನ್ನೂ ಇಳಿಯದ
ನಿನ್ನ ಅಮ್ಮ

ತಾ.ಕ.: ಹೊಸ ಟಯರಿನ ಮೈಮೇಲೆ ಕಾರ್ಖಾನೆಯ ಅಚ್ಚಿಗೆ ಬಳಿದ ಜಿಡ್ಡು ಇರುತ್ತದೆ, ಅದು ಸವೆಯುವವರೆಗೆ ಒಣನೆಲದಲ್ಲೂ ಜಾರುತ್ತದೆ. ಯಾರಾದರೂ ಮೊದಲು ನಿಧಾನಕ್ಕೆ ಓಡಿಸಿ ಜಿಡ್ಡು ಬಿಡಿಸಬೇಕು. ಅದು ಅಳಿಯಂದಿರ ಕೈಯಲ್ಲಿ ಆಗುವ ಕೆಲಸವಲ್ಲ. ಅದೂ ಅಲ್ಲದೆ, ದಾರಿಯ ವಿಷಯದಲ್ಲಿ ನಿಮ್ಮಿಬ್ಬರ ಮಾತನ್ನು ನಾನು ಇನ್ನು ನಂಬುವವಳಲ್ಲ. ಹಾಗಾಗಿ ಇವತ್ತು ಬೆಳಿಗ್ಗೆ ಕಲ್ಲುಗಣಿಯ ಹಾದಿಯಲ್ಲಿ ಡಾಂಬರು, ಕಲ್ಲು, ಕೆಸರು ಮೂರನ್ನೂ ನೋಡಿಕೊಂಡು ಗುಡ್ಡದ ತುದಿಯವರೆಗೆ ಹೋಗಿ ಬಂದೆ. ಹೌದು, ನಾನೇ. ಮದುವೆಗೆ ಮೊದಲಿನಿಂದಲೂ ಗಣಿಯವರಿಗೆ ಬೈಕಿನಲ್ಲಿ ಟ್ಯೂಬ್ ತಲುಪಿಸುತ್ತಿದ್ದವಳು ನಾನೇ. ನೀನು ಹೊಟ್ಟೆಗೆ ಬಂದಾಗ ಇಳಿದವಳು ಮತ್ತೆ ಹತ್ತಿರಲಿಲ್ಲ. ನಿನಗೆ ಬೈಕು ಬೇಡ ಅಂದದ್ದು ಅದರ ಭಯಕ್ಕಲ್ಲ, ಅದರ ರುಚಿ ಗೊತ್ತಿದ್ದುದಕ್ಕೆ. ನಿನ್ನ ಅಪ್ಪನಿಗೆ ಇದೆಲ್ಲ ಗೊತ್ತಿದ್ದರೂ ಗೇಟಿನಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದರು. ಮುಂದಿನ ಚಕ್ರ ಜೇಡಿಯಲ್ಲಿ ಜಾರಲಿಲ್ಲ. ಸೀಟನ್ನು ಎತ್ತರಿಸಬೇಡ, ನನಗೂ ಸರಿಯಾಗಿದೆ.