ಹನ್ನೊಂದು ನಿಮಿಷದ ಅಪೀಲು

ಶಿಕಾರಿಪುರ
14 ನವೆಂಬರ್ 2025

ಮಗಳು ಮೇಘನಾಳಿಗೆ ಅಪ್ಪಾಜಿಯ ಆಶೀರ್ವಾದ.

ಅಪೀಲು ಮುಗಿದು ಹದಿನೇಳು ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಹಿಡಿದರೆ ಅಂಗಡಿಗೆ ಬಂದವರೆಲ್ಲ ಕಿವಿ ನೆಟ್ಟಗೆ ಮಾಡುತ್ತಾರೆ. ಈಗ ಬೀಜ ಕೊಳ್ಳುವವರಿಗಿಂತ ಜೈಲಿಗೆ ಹೋಗಿಬಂದವನನ್ನು ನೋಡಲು ಬರುವವರೇ ಹೆಚ್ಚು. ಅವ್ವ ಚೆನ್ನಾಗಿದ್ದಾಳೆ.

ಉಳವಿ ಗದ್ದೆಯ ಕಾಲುವೆ ಜಗಳದಲ್ಲಿ ನಾನು ಗುದ್ದಲಿ ಕಾವಿನಿಂದ ಹೊಡೆದು ಕೈ ಮುರಿದೆ ಎಂದು ಪಕ್ಕದ ಗದ್ದೆಯ ರಾಜಪ್ಪ ಕೇಸು ಹಾಕಿದ್ದು ನಿನಗೆ ಗೊತ್ತು. ಕೋರ್ಟಿನಲ್ಲಿ ನಡೆದದ್ದು ಗೊತ್ತಿಲ್ಲ. ಕೆಳಗಿನ ಕೋರ್ಟಿನ ನ್ಯಾಯಾಧೀಶರು, ವಕೀಲರಿಲ್ಲದಿದ್ದರೆ ಸರ್ಕಾರದಿಂದಲೇ ಕೊಡುತ್ತೇವೆ ಎಂದರು. ಶಿಕಾರಿಪುರ, ಸೊರಬ ಎರಡೂ ಕಡೆ ಇಪ್ಪತ್ತೆರಡು ವರ್ಷ ಪಂಚಾಯ್ತಿ ಮಾಡಿದ ಬಾಯಿ ನನ್ನದು. ಬೇಡ ಎಂದೆ.

ಆಪಾದನೆ ಓದಿದರು. ನಮ್ಮ ಪಂಚಾಯ್ತಿಯಲ್ಲಿ ಹಿರಿಯನಾದವನು ಮೊದಲು ಕೈಮುಗಿದು ತಪ್ಪಾಯ್ತು ಅನ್ನಬೇಕು. ಎದುರಿನವನೂ ಹಾಗೇ ಅನ್ನಬೇಕು. ಎಲೆಅಡಿಕೆ ಹಾಕಿಕೊಂಡು ಏಳಬೇಕು. ಯಾರು ಏನು ಮಾಡಿದರು ಎಂದು ಯಾರೂ ಕೆದಕುವುದಿಲ್ಲ. ಅದೇ ರೂಢಿಯಲ್ಲಿ ಕೈಮುಗಿದೆ.

"ತಪ್ಪಾಯ್ತು ಸ್ವಾಮಿ. ದೊಡ್ಡವನು ನಾನು, ಬಗ್ತೀನಿ."

ಇನ್ನು ಇವನ ಸರದಿ ಎಂದು ರಾಜಪ್ಪನ ಕಡೆ ತಿರುಗಿದೆ. ಅವನು ಫ್ಯಾನು ನೋಡುತ್ತಿದ್ದ.

"ಜೈಲಾಗಬಹುದು ರೀ, ಯೋಚನೆ ಮಾಡಿ ಹೇಳಿ," ಎಂದರು ನ್ಯಾಯಾಧೀಶರು. ಅಷ್ಟು ಜನರ ಎದುರು ಆಡಿದ ಮಾತು ಹಿಂದಕ್ಕೆ ತಗೊಳ್ಳುವುದೇ? ಸಹಿ ಹಾಕಿದೆ. ಮೂರು ತಿಂಗಳು ಸಜೆ. ಅಪೀಲು ಹಾಕುತ್ತೇನೆ, ಅಲ್ಲಿಯವರೆಗೆ ಬಿಡಿ ಎಂದು ಆಗಲೇ ಕೇಳಬಹುದಿತ್ತಂತೆ. ಅದು ಈ ಬಾಯಿಗೆ ತಿಳಿದಿರಲಿಲ್ಲ. ಆಮೇಲೆ ಅಪೀಲು ಹಾಕಿ ಜಾಮೀನು ಸಿಗುವವರೆಗೆ ಒಂಬತ್ತು ದಿನ ಒಳಗಿದ್ದೆ.

ಅಪೀಲಿನಲ್ಲಿ ನೀನು ಹುಡುಕಿಕೊಟ್ಟ ಸಾವಿತ್ರಿಬಾಯಿ ಚೆನ್ನಾಗಿಯೇ ವಾದಿಸಿದರು. ಮೇಲಿನ ನ್ಯಾಯಾಧೀಶರು ಹಳೆಯ ಕಾಗದ ತಿರುವಿದರು. ವಕೀಲರು ಬೇಕೇ ಎಂದು ಕೇಳಿದ್ದಾರೆ, ಎಚ್ಚರಿಸಿದ್ದಾರೆ, ಸಹಿಯೂ ಇದೆ. ತಪ್ಪು ಒಪ್ಪಿಕೊಂಡವನು ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನಿಗೆ ಸರಿಯಿಲ್ಲ ಎಂದಷ್ಟೇ ಕೇಳಬಹುದು, ಅಪರಾಧಿ ಎಂಬ ತೀರ್ಪನ್ನು ಮುಟ್ಟುವಂತಿಲ್ಲ ಎಂದರು. ನಾನು ಎದ್ದು ನಿಂತೆ.

"ನಿಮ್ಮ ವಕೀಲರು ಮಾತಾಡ್ತಿದ್ದಾರಲ್ಲ, ಕೂತ್ಕೊಳ್ಳಿ."

ಬಾಯಿ ಮುಚ್ಚಬೇಕಾದಲ್ಲಿ ಆಡಿದೆ, ಆಡಬೇಕಾದಲ್ಲಿ ಕೂರಿಸಿದರು. ವಯಸ್ಸಾಗಿದೆ, ಹಿಂದೆ ಕೇಸಿಲ್ಲ, ಅನುಭವಿಸಿದ ಒಂಬತ್ತು ದಿನವೇ ಸಾಕು ಎಂದು ಬರೆಸಿದರು. ಗೋಡೆ ಗಡಿಯಾರ ನೋಡುತ್ತಲೇ ಇದ್ದೆ. ಒಟ್ಟು ಹನ್ನೊಂದು ನಿಮಿಷ. ಅದರಲ್ಲಿ ನಾನು ಹೊಡೆದೆನೋ ಇಲ್ಲವೋ ಎಂಬುದಕ್ಕೆ ಅರ್ಧ ನಿಮಿಷವೂ ಇಲ್ಲ.

ಹೊರಗೆ ಬಂದು ಸಾವಿತ್ರಿಬಾಯಿ "ಗೆದ್ವಿ ಸರ್" ಎಂದರು. ನನಗೆ ಹೇಸಿಗೆಯಾಯಿತು. ಕೋರ್ಟಿನ ಮೇಲಲ್ಲ, ಅವರು ಕಾನೂನಿನ ಪ್ರಕಾರ ನಡೆದರು. ನನ್ನ ನಾಲಿಗೆಯ ಮೇಲೇ. ಅದನ್ನು ನಂಬಿ ಇನ್ನೆಷ್ಟು ಜನ ಮಾಡದ್ದಕ್ಕೆ ಕೈಮುಗಿದರೋ. ಮೊನ್ನೆ ಈಸೂರಿನಿಂದ ಪಂಚಾಯ್ತಿಗೆ ಕರೆಯಲು ಬಂದವರಿಗೆ ಚಹಾ ಕೊಟ್ಟು ವಾಪಸ್ಸು ಕಳಿಸಿದೆ.

ನಿನ್ನ ಮನೆ ತಂಪಾಗಿರಲಿ, ಅಳಿಯಂದಿರಿಗೂ ಹೇಳು.

ನಿನ್ನ ಅಪ್ಪಾಜಿ
ವೀರಬಸಪ್ಪ

ತಾ.ಕ.: ಒಂಬತ್ತು ದಿನದಲ್ಲಿ ನೀನು ನಾಲ್ಕು ಸಲ ಜೈಲಿಗೆ ಬಂದೆ, ಮಾತ್ರೆ ತಂದೆ. ನಾಲ್ಕು ಸಲವೂ "ಸಿಟ್ಟು ಕಮ್ಮಿ ಮಾಡ್ಕೊಳ್ಳಿ ಅಪ್ಪಾಜಿ" ಎಂದೆ. ಹೊಡೆದಿರಾ ಎಂದು ಒಂದು ಸಲವೂ ಕೇಳಲಿಲ್ಲ. ರಾಜಪ್ಪ ಬದುವಿನ ಮೇಲಿಂದ ಜಾರಿ ಬಿದ್ದ, ಮಗಳೇ. ಎತ್ತಿ ಕೂರಿಸಿದವನು ನಾನು.